ದ್ರಾಕ್ಷಿ ನಮ್ಮದು, ವೈನ್ ಮಾತ್ರ ಪರಿಚಯವಿಲ್ಲ

ಸೊಲ್ಲಾಪುರ: ಮಹಾರಾಷ್ಟ್ರದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಬಾಟಲಿಯ ಎರಡು ಚಿತ್ರ ಚೆನ್ನಾಗಿ ಗೊತ್ತು. ಊರಲ್ಲಿ ದಾರು ಅಂಗಡಿ ಇರಬೇಕೋ ಬೇಡವೋ ಎಂದು ಮತ ಹಾಕುವಾಗ ‘ಉಭಿ ಬಾಟಲಿ’ಗೆ ಒತ್ತಿದರೆ ಅಂಗಡಿ ಇರಲಿ ಎಂದರ್ಥ, ‘ಆಡವಿ ಬಾಟಲಿ’ಗೆ ಒತ್ತಿದರೆ ಮುಚ್ಚಲಿ ಎಂದರ್ಥ. ಕುಡಿತದಿಂದ ಮನೆ ಹಾಳಾದದ್ದನ್ನು ಕಂಡವರೇ ಈ ಮತಕ್ಕೆ ಮುಂದೆ ಬರುವವರು. ಅಂಥ ನಾಡಿನಲ್ಲಿ ವೈನ್ ಬಗ್ಗೆ ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ.

ಆದರೆ ಬಾಟಲಿ ಮನೆಗೆ ಬಂದಾಗಿದೆ. ಪುಣೆಯಲ್ಲಿ ನೌಕರಿ ಮಾಡುವ ಮಗ ದೀಪಾವಳಿಗೆ ಒಂದು ತರುತ್ತಾನೆ, ಆಫೀಸಿನವರು ಅಳಿಯನಿಗೆ ಒಂದು ಕೊಡುತ್ತಾರೆ. ಮನೆಯಲ್ಲಿ ಅದನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದು. ತಿಜೋರಿ ಮೇಲೆ ಇಡುತ್ತಾರೆ. ಎರಡು ಬೇಸಿಗೆ ಕಳೆದ ಮೇಲೆ ಬೀಗರು ಬಂದಾಗ ತೆಗೆದರೆ ಹುಳಿ ವಾಸನೆ. ಏಳೆಂಟು ನೂರು ರೂಪಾಯಿ ಮೋರಿ ಪಾಲು!

ವಿಚಿತ್ರ ಅಂದರೆ, ದ್ರಾಕ್ಷಿ ನಮಗೆ ಹೊಸದಲ್ಲ. ಜತ್ತ, ತಾಸಗಾಂವದಿಂದ ವಿಜಯಪುರದ ತನಕ ಎತ್ತ ನೋಡಿದರೂ ತೋಟ. ಎಪ್ರಿಲ್ ಛಾಟಣಿ, ಅಕ್ಟೋಬರ್ ಛಾಟಣಿ ಎಂಬ ಮಾತು ನಮ್ಮ ಮಕ್ಕಳಿಗೂ ಗೊತ್ತು. ಸೋನಾಕಾ ಎಂಬ ಉದ್ದ ಕಾಳಿನ ತಳಿ ಹುಟ್ಟಿದ್ದೇ ಸೊಲ್ಲಾಪುರದ ಹತ್ತಿರದ ನಾನ್ನಜದಲ್ಲಿ. ಸಾಂಗಲಿಯ ಬೇದಾಣಾಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ಇದೆ. ಆದರೆ ಇವೆಲ್ಲ ತಿನ್ನುವ, ಒಣಗಿಸುವ ದ್ರಾಕ್ಷಿ. ತೆಳು ಸಿಪ್ಪೆ, ತುಂಬ ನೀರು, ಬೀಜವಿಲ್ಲ. ವೈನಿನ ದ್ರಾಕ್ಷಿಯ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ, ಸಕ್ಕರೆ ಅಂಶ ಹೆಚ್ಚು. ಶಿರಾಜ್, ಕ್ಯಾಬರ್ನೆ ಸೊವಿನ್ಯೋ ಎಂಬ ಹೆಸರಿನವು ಕೆಂಪು ವೈನಿಗೆ. ಶೆನಿನ್ ಬ್ಲಾಂಕ್, ಸೊವಿನ್ಯೋ ಬ್ಲಾಂಕ್ ಬಿಳಿ ವೈನಿಗೆ. ಸಿಪ್ಪೆ ಸಮೇತ ಹುದುಗಿಸಿದರೆ ಬಣ್ಣ, ಒಗರು ಎರಡೂ ಇಳಿಯುತ್ತವೆ, ಅದೇ ಕೆಂಪು ವೈನ್. ರಸ ಹಿಂಡಿ ಸಿಪ್ಪೆ ತೆಗೆದು ಹುದುಗಿಸಿದರೆ ಬಿಳಿ.

ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದು ಸುಂಕದಲ್ಲಿ ರಿಯಾಯಿತಿ ಕೊಟ್ಟಿತು. ನಾಸಿಕದ ವಿಂಚೂರ, ಸಾಂಗಲಿ ಜಿಲ್ಲೆಯ ಪಲುಸಗಳಲ್ಲಿ ವೈನ್ ಪಾರ್ಕ್ ಬಂದವು. ಕರ್ನಾಟಕವೂ 2007ರಲ್ಲಿ ತನ್ನದೇ ನೀತಿ ಮಾಡಿತು. ಅದೇ ವರ್ಷ ನಮ್ಮ ಜಿಲ್ಲೆಯ ಅಕಲೂಜದಲ್ಲಿ ಫ್ರಾತೆಲ್ಲಿ ಕಂಪನಿ ಶುರುವಾಯಿತು. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಅಣ್ಣತಮ್ಮಂದಿರು. ದಿಲ್ಲಿಯ, ಅಕಲೂಜದ, ಇಟಲಿಯ ಮೂರು ಮನೆತನದ ಸಹೋದರರು ಕೂಡಿ ಮಾಡಿದ್ದು. ಆದರೆ 2008ರ ಆರ್ಥಿಕ ಹಿಂಜರಿತದ ಹೊಡೆತಕ್ಕೆ ರಾಜ್ಯದ ಅನೇಕ ವೈನರಿಗಳು ಬಾಗಿಲು ಹಾಕಿದವು. ವೈನ್ ದ್ರಾಕ್ಷಿ ಹಚ್ಚಿದ ಎಷ್ಟೋ ರೈತರು ಬಳ್ಳಿ ಕಿತ್ತು ಹಾಕಿದರು. ತಿನ್ನುವ ದ್ರಾಕ್ಷಿಯಾದರೆ ಪೇಟೆಗೆ ಒಯ್ಯಬಹುದು, ಇಲ್ಲವೇ ಒಣಗಿಸಬಹುದು. ವೈನಿನದಕ್ಕೆ ಕಾರ್ಖಾನೆ ಬಿಟ್ಟರೆ ಗಿರಾಕಿ ಇಲ್ಲ. 2022ರ ಜನವರಿಯಲ್ಲಿ ಸುಪರ್ ಮಾರ್ಕೆಟ್‌ಗಳಲ್ಲೂ ವೈನ್ ಮಾರಲು ಸಂಪುಟ ಒಪ್ಪಿತು, ರೈತರಿಗೆ ಅನುಕೂಲ ಅಂದಿತು. ಅಣ್ಣಾ ಹಜಾರೆ ಉಪವಾಸದ ಎಚ್ಚರಿಕೆ ಕೊಟ್ಟರು. ನಿರ್ಧಾರ ಜಾರಿಗೆ ಬರಲಿಲ್ಲ.

ಆಗ ಕೇಳಿಬಂದ ಒಂದು ಮಾತು, ‘ವೈನ್ ಅಂದರೆ ದಾರು ಅಲ್ರೀ, ದ್ರಾಕ್ಷಿ ರಸ.’ ಇದು ಅಪಾಯದ ಮಾತು. ಬಿ.ಕಾಂ. ಓದಿದವನಿಗೆ ಲೆಕ್ಕ ಹಾಕದೆ ಸಮಾಧಾನ ಇಲ್ಲ. ವೈನಿನಲ್ಲಿ ಆಲ್ಕೋಹಾಲ್ ಸುಮಾರು ಶೇ. 13. ಬಾಟಲಿ 750 ಮಿ.ಲೀ. ಅಂದರೆ ಒಳಗಿರುವ ಶುದ್ಧ ಆಲ್ಕೋಹಾಲ್ 97 ಮಿ.ಲೀ. ಒಂದು ಕ್ವಾರ್ಟರ್ ವಿಸ್ಕಿ 180 ಮಿ.ಲೀ., ಶೇ. 42.8ರಂತೆ 77 ಮಿ.ಲೀ. ಇಡೀ ಬಾಟಲಿ ವೈನ್ ಒಬ್ಬನೇ ಮುಗಿಸಿದವನು ಕ್ವಾರ್ಟರ್ ಮುಗಿಸಿದವನಿಗಿಂತ ಹೆಚ್ಚೇ ಕುಡಿದಿರುತ್ತಾನೆ. ಬಾಟಲಿ ಐದು ಗ್ಲಾಸಿನದು, ಐದು ಜನರದು ಎಂದು ತಿಳಿಯುವುದು ಲೇಸು. ಹೃದಯಕ್ಕೆ ಒಳ್ಳೆಯದು ಎಂದು ಔಷಧಿಯಂತೆ ಶುರು ಮಾಡುವವರಿಗೂ ಒಂದು ಮಾತು: ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಿಲ್ಲ. ಕುಡಿದವರು ಗಾಡಿ ಮುಟ್ಟಬಾರದು.

ಇನ್ನು ರುಚಿಯ ಮಾತು. ಗೋವಾಕ್ಕೆ ಹೋದವರು ತರುವ ಸಿಹಿ ಪೋರ್ಟ್ ಕುಡಿದು ಗೊತ್ತಿದ್ದವರಿಗೆ ಮೊದಲ ಗುಟುಕಿಗೇ ಬೇಸರ, ‘ಇದೇನ್ರೀ ಇಷ್ಟು ಒಗರು?’ ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲ್ ಆದ ಮೇಲೆ ಸಿಹಿ ಉಳಿಯುವುದಿಲ್ಲ. ಆ ಒಗರು ಸಿಪ್ಪೆ, ಬೀಜದ್ದು. ನೇರಳೆಹಣ್ಣು ತಿಂದಾಗ ನಾಲಿಗೆ ಹಿಡಿದಂತೆ. ಹೊಸಬರು ಕೆಂಪು ವೈನಿನಿಂದ ಶುರು ಮಾಡಬೇಡಿ. ಸ್ವಲ್ಪ ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಇಲ್ಲವೇ ಗುಲಾಬಿ ಬಣ್ಣದ ರೋಸೆ ಮೇಲು. ನಮ್ಮ ಊಟಕ್ಕೂ ಅದೇ ಹೊಂದುತ್ತದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಖಾರದ ಮಟನ್ ರಸ್ಸಾದ ಜೊತೆ ಒಗರಿನ ಕೆಂಪು ವೈನ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಕೆಂಪೇ ಬೇಕೆಂದರೆ ಖಾರ ಕಡಿಮೆ ಇರುವ ಸುಟ್ಟ ಮಾಂಸ, ಪನೀರ ನೋಡಬಹುದು.

ವೈನಿಗೆ ಮೂರು ವೈರಿ: ಶಾಖ, ಬೆಳಕು, ಗಾಳಿ. 12ರಿಂದ 15 ಡಿಗ್ರಿ ಅದಕ್ಕೆ ಹಿತ. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ, ಪತ್ರಾಸಿನ ಮನೆಯಾದರೆ ಕೇಳುವುದೇ ಬೇಡ. ಆದ್ದರಿಂದ ಕಪಾಟು, ಅಡುಗೆ ಕಟ್ಟೆ, ಫ್ರಿಜ್ಜಿನ ನೆತ್ತಿ ಬೇಡ, ಫ್ರಿಜ್ಜಿನ ಒಳಗೇ ಇಡಿ, ಕೆಲವು ತಿಂಗಳಲ್ಲಿ ಮುಗಿಸಿ. ಬೂಚಿನ ಬಾಟಲಿಯನ್ನು ಅಡ್ಡ ಮಲಗಿಸಬೇಕು. ವೈನ್ ತಾಗಿ ಬೂಚು ಹಸಿಯಿದ್ದರೆ ಗಾಳಿ ಒಳಗೆ ಹೋಗದು. ತಿರುವಿ ತೆಗೆಯುವ ಮುಚ್ಚಳದ್ದು ಹೇಗಿಟ್ಟರೂ ನಡೆಯುತ್ತದೆ. ಹಳೆಯದಾದಷ್ಟೂ ರುಚಿ ಎಂಬುದು ಎಲ್ಲ ವೈನಿಗಲ್ಲ. ಸಾಮಾನ್ಯ ಬೆಲೆಯವನ್ನು ಎರಡು-ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿರುತ್ತಾರೆ. ಚೀಟಿಯ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎನ್ನುತ್ತಾರಲ್ಲ, ಆ ಕೋಣೆ ಯುರೋಪಿನದು, ಅಕ್ಕಲಕೋಟೆಯದಲ್ಲ! 16-18 ಡಿಗ್ರಿ ಬೇಕು. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಬಿಟ್ಟರೆ ಸರಿ. ಬಿಳಿಯದು ಇನ್ನೂ ತಂಪು, 8ರಿಂದ 12. ಗ್ಲಾಸಿನ ಮೂರನೇ ಒಂದು ಭಾಗ ಸುರಿದರೆ ಸಾಕು, ಉಳಿದ ಜಾಗ ಪರಿಮಳಕ್ಕೆ. ಕಾಲಿನ ಗ್ಲಾಸಿದ್ದರೆ ಕಾಲು ಹಿಡಿಯಿರಿ, ಕೈ ಬಿಸಿ ತಾಗದು. ಇಲ್ಲದಿದ್ದರೆ ಮನೆಯ ಗಾಜಿನ ಲೋಟವೇ ಆದೀತು, ಸ್ಟೀಲಿನದು ಬೇಡ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು-ಮೂರು ದಿನದಲ್ಲಿ ಮುಗಿಸಿ. ಆಮೇಲೆ ಅದು ಸಿರ್ಕಾದ ದಾರಿ ಹಿಡಿಯುತ್ತದೆ.

ಗಡಿಯವರಿಗೆ ಇನ್ನೊಂದು. ಮಹಾರಾಷ್ಟ್ರದಲ್ಲಿ ವೈನ್ ಕೊಳ್ಳಲು 21 ವರ್ಷ ತುಂಬಿರಬೇಕು. ಬಾಟಲಿಯ ಮೇಲೆ ಅದು ಯಾವ ರಾಜ್ಯದಲ್ಲಿ ಮಾರಾಟಕ್ಕೆ ಎಂದು ಅಚ್ಚು ಹಾಕಿರುತ್ತಾರೆ. ಇಂಡಿಗೋ ವಿಜಯಪುರಕ್ಕೋ ಬೀಗರ ಮನೆಗೆ ಒಯ್ಯುವ ಮುಂಚೆ ಅಬಕಾರಿ ನಿಯಮ ವಿಚಾರಿಸಿ. ಊರು ಒಂದೇ ಬಳಗವಾದರೂ ತಪಾಸಣೆ ನಾಕೆಗೆ ಬೇರೆ ರಾಜ್ಯವೇ.