ಜಪಾನಿನ ಶಿಖರಗಳೂ ಬೆಟ್ಟದ ತಲೆನೋವೂ

ಜಪಾನಿನ ನಡುಭಾಗದ ಚೂಬು ಪ್ರದೇಶ ಆ ದೇಶದ ಎತ್ತರದ ಪರ್ವತಗಳ ತವರು. 3,776 ಮೀಟರಿನ ಫ್ಯೂಜಿ, 3,193 ಮೀಟರಿನ ಕಿತಾದಾಕೆ, 3,190 ಮೀಟರಿನ ಓಕುಹೊತಾಕಾ, ಈಟಿಯ ಮೊನೆಯಂತೆ ನಿಂತ 3,180 ಮೀಟರಿನ ಯಾರಿ, ಎಲ್ಲವೂ ಇಲ್ಲಿವೆ. ಹಿಮಾಲಯದ ಮುಂದೆ ಇವು ಗಿಡ್ಡವೇ ಸರಿ. ಆದರೆ ಎತ್ತರದ ಕಾಯಿಲೆ ಬರಲು ಎವರೆಸ್ಟೇ ಬೇಕಿಲ್ಲ, ಸುಮಾರು 2,500 ಮೀಟರ್ ಸಾಕು.

ಇಲ್ಲಿ ಎತ್ತರಕ್ಕಿಂತ ಏರುವ ವೇಗವೇ ಹೆಚ್ಚು ಅಪಾಯಕಾರಿ. ಕಡಲ ಮಟ್ಟದ ತೊಯಾಮಾ ನಗರದಿಂದ ಬೆಳಿಗ್ಗೆ ಹೊರಟವರನ್ನು ರೈಲು, ಕೇಬಲ್ ಕಾರು, ಬಸ್ಸುಗಳು ಮಧ್ಯಾಹ್ನದೊಳಗೆ 2,450 ಮೀಟರಿನ ಮುರೊದೋಗೆ ಮುಟ್ಟಿಸುತ್ತವೆ. ಫ್ಯೂಜಿಯ ಯೋಶಿದಾ ದಾರಿಯಲ್ಲೂ ಸುಮಾರು 2,300 ಮೀಟರ್‌ವರೆಗೆ ಬಸ್ಸಿದೆ. ಟೋಕಿಯೋದಿಂದ ಸಂಜೆ ಬಂದು, ನಿದ್ದೆಗೆಟ್ಟು ರಾತ್ರಿಯಿಡೀ ಹತ್ತಿ, ತುದಿಯಲ್ಲಿ ಸೂರ್ಯೋದಯ ನೋಡಿ ಇಳಿಯುವುದನ್ನು ಜಪಾನೀಯರು ಬಂದೂಕಿನ ಗುಂಡಿಗೆ ಹೋಲಿಸಿ ಹೆಸರಿಟ್ಟಿದ್ದಾರೆ. 2024ರಲ್ಲಿ ಈ ದಾರಿಗೆ ಗೇಟು ಬಿತ್ತು. ಬೆಟ್ಟದ ತಂಗುಮನೆಯಲ್ಲಿ ಜಾಗ ಕಾದಿರಿಸದವರಿಗೆ ರಾತ್ರಿ ಪ್ರವೇಶವಿಲ್ಲ. ಒಳ್ಳೆಯ ಕೆಲಸವೇ.

ಫ್ಯೂಜಿಯ ತುದಿಯಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಹಾಗಾಗಿ ಒಂದೊಂದು ಉಸಿರಿಗೂ ಆಮ್ಲಜನಕ ಕಡಿಮೆ ಸಿಗುತ್ತದೆ. ದೇಹ ಬೇಗಬೇಗ ಉಸಿರಾಡಿ ಇದನ್ನು ಸರಿದೂಗಿಸಲು ನೋಡುತ್ತದೆ. ಅದರಿಂದ ಏರುಪೇರಾಗುವ ರಕ್ತದ ಆಮ್ಲ-ಕ್ಷಾರ ಪ್ರಮಾಣವನ್ನು ಮೂತ್ರಪಿಂಡಗಳು ತಿದ್ದಿಕೊಳ್ಳಲು ಒಂದೆರಡು ದಿನವಾದರೂ ಬೇಕು. ರಾತ್ರೋರಾತ್ರಿ ಹತ್ತುವವರು ಆ ಅವಕಾಶವನ್ನೇ ಕೊಡುವುದಿಲ್ಲ.

ಮೊದಲು ತಲೆನೋವು. ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು, ನಿದ್ದೆ ಬಾರದಿರುವುದು. ಬಸ್ಸಿನ ಆಯಾಸ, ಊಟ ಒಗ್ಗಲಿಲ್ಲ ಎಂದು ತಳ್ಳಿಹಾಕುವವರೇ ಬಹಳ. ಬೇರೆ ಕಾರಣ ಖಚಿತವಾಗುವವರೆಗೂ ಅದನ್ನು ಎತ್ತರದ ಕಾಯಿಲೆಯೆಂದೇ ಭಾವಿಸಿ ಅಲ್ಲಿಯೇ ನಿಲ್ಲಬೇಕು, ಹೆಚ್ಚಾದರೆ ಇಳಿಯಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಕಾಲು ತಡವರಿಸಿ ಮಾತು ಅಸಂಬದ್ಧವಾದರೆ ಮಿದುಳು ಊದಿಕೊಂಡಿರಬಹುದು. ಎರಡೂ ಪ್ರಾಣಾಂತಿಕ. ರೋಗಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ಕೆಳಗಿಳಿಸಬೇಕು. ತಪ್ಪಲಿನ ಮಾತ್ಸುಮೊತೋ ನಗರದ ಶಿನ್ಶೂ ವಿಶ್ವವಿದ್ಯಾಲಯದ ವೈದ್ಯರು ಶ್ವಾಸಕೋಶದಲ್ಲಿ ನೀರು ತುಂಬಿದ ಇಂಥ ಪರ್ವತಾರೋಹಿಗಳಿಗೆ ಬಹುಕಾಲದಿಂದ ಚಿಕಿತ್ಸೆ ನೀಡಿದ್ದಾರೆ. ಗಟ್ಟಿಮುಟ್ಟಾದ ತರುಣರನ್ನೂ ಇದು ಬಿಡುವುದಿಲ್ಲ.

ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಡಬ್ಬಿ ಕೆಲವು ನಿಮಿಷದ ಸಮಾಧಾನ, ಅಷ್ಟೆ. ಅಸಿಟಜೋಲಮೈಡ್ ಮಾತ್ರೆಯಿಂದ ಕಾಯಿಲೆಯನ್ನು ಸ್ವಲ್ಪಮಟ್ಟಿಗೆ ತಡೆಯಬಹುದಾದರೂ ವೈದ್ಯರನ್ನು ಕೇಳದೆ ನುಂಗಬಾರದು. ಹೃದಯ, ಶ್ವಾಸಕೋಶದ ತೊಂದರೆ ಅಥವಾ ರಕ್ತಹೀನತೆ ಇರುವವರೂ ಗರ್ಭಿಣಿಯರೂ ಟಿಕೆಟ್ ಕೊಳ್ಳುವ ಮುನ್ನವೇ ವೈದ್ಯರನ್ನು ಕಾಣಬೇಕು. ಬೆಟ್ಟದ ಮೇಲೆ ಮದ್ಯವೂ ನಿದ್ದೆಮಾತ್ರೆಯೂ ಬೇಡ. ಮಾತು ಬಾರದ ಮಗು ತಲೆನೋವೆಂದು ಹೇಳಲಾರದು. ಅದು ಆಟ ಬಿಟ್ಟು, ಊಟ ಬೇಡವೆಂದು ರಚ್ಚೆ ಹಿಡಿದರೆ ಕೆಳಗಿನ ಬಸ್ಸು ಹತ್ತುವುದೇ ಸರಿ.