ಉಗ್ಗುವವರಿಗೆ ಕೊಡಬೇಕಾದ ಅರ್ಧ ನಿಮಿಷ

ತರಗತಿಯಲ್ಲಿ ಹಾಜರಿ ಕರೆಯುವಾಗ ‘ಪ್ರೆಸೆಂಟ್ ಮಿಸ್’ ಎನ್ನಲು ಎಷ್ಟು ಹೊತ್ತು ಬೇಕು? ಒಂದು ಸೆಕೆಂಡ್ ಸಾಕು ಎನ್ನುತ್ತೀರಿ. ಆದರೆ ‘ಪ’ ಅಕ್ಷರ ತುಟಿಯಲ್ಲೇ ಅಂಟಿಕೊಂಡ ಹುಡುಗನನ್ನು ಕೇಳಿ ನೋಡಿ. ತನ್ನ ನಂಬರು ಹತ್ತಿರ ಬರುತ್ತಿದ್ದಂತೆ ಅವನ ಅಂಗೈ ಬೆವರುತ್ತದೆ. ಅವನ ಬಾಯಿಂದ ಮಾತು ಹೊರಡುವ ಮೊದಲೇ ಮಿಸ್ ಮುಂದಿನ ಹೆಸರಿಗೆ ಹೋದರೆ, ಶಾಲೆಗೆ ಬಂದೂ ಗೈರುಹಾಜರಿ!

ಇದನ್ನೇ ನಾವು ಉಗ್ಗು ಎನ್ನುತ್ತೇವೆ. ಕನ್ನಡದಲ್ಲಿ ತೊದಲು ಎಂಬ ಇನ್ನೊಂದು ಮಾತಿದೆ. ಪುಟ್ಟ ಮಗು ತೊದಲಿದರೆ ಮನೆಯವರೆಲ್ಲ ಕಿವಿಗೊಟ್ಟು ಕೇಳಿ ಮುದ್ದಾಡುತ್ತೇವೆ. ಅದೇ ಮಗು ನಾಲ್ಕು ವರ್ಷ ದೊಡ್ಡದಾಗಿ ಉಗ್ಗಿದರೆ ನಗುತ್ತೇವೆ, ಇಲ್ಲವೇ ‘ಬೇಗ ಹೇಳು’ ಎಂದು ಗದರುತ್ತೇವೆ. ನಾಟಕ, ಸಿನಿಮಾಗಳಲ್ಲೂ ಜನರನ್ನು ನಗಿಸಲು ಒಂದು ಉಗ್ಗುವ ಪಾತ್ರ.

ಬ್ಯಾಂಕಿನಿಂದ ನಿವೃತ್ತನಾದವನಿಗೆ ಲೋಕದ ಎಲ್ಲ ಫಾರಂಗಳೂ ಗೊತ್ತಿರುತ್ತವೆ ಎಂಬುದು ನಮ್ಮ ಬೀದಿಯವರ ನಂಬಿಕೆ. ಹಾಗಾಗಿ ಒಬ್ಬ ಅಜ್ಜಿ ನನ್ನ ಹತ್ತಿರ ಬಂದು ಕೇಳಿದರು: “ನೋಡಿ ರಾಯರೇ, ನನ್ನ ಮೊಮ್ಮಗನಿಗೆ ಉಗ್ಗು. ಅದು ಅಂಗವೈಕಲ್ಯದ ಲೆಕ್ಕಕ್ಕೆ ಬರುತ್ತದೆಯೇ? ಶಾಲೆಯಲ್ಲಿ, ಮುಂದೆ ಕೆಲಸದಲ್ಲಿ ಅವನಿಗೇನಾದರೂ ಅನುಕೂಲವಾದೀತೇ?”

ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ ಒಂದೇ ಸಾಲಿನಲ್ಲಿಲ್ಲ.

ಮೊದಲು ಉಗ್ಗು ಎಂದರೇನೆಂದು ತಿಳಿಯೋಣ. ಅದು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ನೂರರಲ್ಲಿ ಸುಮಾರು ಐದು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಬೆಳೆಯುತ್ತಾ ತಾನಾಗಿಯೇ ಸರಿಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ, ಅದೂ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಮಾತಿನ ಲಯವನ್ನು ನಡೆಸುವ ಮಿದುಳಿನ ಕೆಲಸದಲ್ಲಿರುವ ವ್ಯತ್ಯಾಸ ಅದರ ಮೂಲ. ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿಯೂ ಬರುತ್ತದೆ. ಹೆದರಿಕೆಯಿಂದ ಉಗ್ಗು ಜಾಸ್ತಿಯಾಗಬಹುದು, ಹುಟ್ಟುವುದಿಲ್ಲ. ಬುದ್ಧಿಗೂ ಅದಕ್ಕೂ ಸಂಬಂಧವೇ ಇಲ್ಲ. ಮಕ್ಕಳೇ, ಒಂದು ಸೋಜಿಗ ಗಮನಿಸಿ. ಉಗ್ಗುವ ನಿಮ್ಮ ಗೆಳೆಯ ಬೆಳಗಿನ ಪ್ರಾರ್ಥನೆಯನ್ನು ಎಲ್ಲರ ಜೊತೆ ಹಾಡುವಾಗ ಬಹುತೇಕ ಉಗ್ಗುವುದೇ ಇಲ್ಲ. ಅವನಿಗೆ ಮಾತು ಬರುತ್ತದೆ. ಒಬ್ಬನೇ ಮಾತಾಡುವಾಗ ಅದು ಹೊರಡಲು ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಇನ್ನು ಕಾನೂನು. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅವುಗಳನ್ನು 21ಕ್ಕೆ ಏರಿಸಿತು. ‘ಮಾತು ಮತ್ತು ಭಾಷೆಯ ವೈಕಲ್ಯ’ ಈ ಪಟ್ಟಿಯಲ್ಲಿದೆ. ಆದರೆ ಅದು ಶಾಶ್ವತವಾಗಿರಬೇಕು, ದೇಹದ ಅಥವಾ ನರಮಂಡಲದ ಕಾರಣದಿಂದ ಬಂದಿರಬೇಕು ಎಂದು ಕಾಯ್ದೆ ಹೇಳುತ್ತದೆ. ಉದಾಹರಣೆಗೆ ಹೆಸರಿಸಿರುವುದು ಗಂಟಲಿನ ಧ್ವನಿಪೆಟ್ಟಿಗೆ ತೆಗೆದುಹಾಕಿದವರನ್ನು, ಮಿದುಳಿಗೆ ಪೆಟ್ಟಾಗಿ ಮಾತಿನ ಶಕ್ತಿ ಕುಂದಿದವರನ್ನು. ಉಗ್ಗಿನ ಹೆಸರು ಅಲ್ಲಿಲ್ಲ. ಹೊರಗಿಟ್ಟಿದ್ದೇವೆ ಎಂದೂ ಬರೆದಿಲ್ಲ. ಹಾಗಾಗಿ ಪ್ರಮಾಣಪತ್ರದ ಮಾತು ಪರೀಕ್ಷಿಸುವ ವೈದ್ಯರ ಕೈಯಲ್ಲಿದೆ.

ನೌಕರಿಯ ಮೀಸಲಾತಿ ಬೇರೆಯೇ ವಿಷಯ. ಸರ್ಕಾರಿ ಕೆಲಸಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇ 4ರಷ್ಟು ಮೀಸಲು. ಅದಕ್ಕೆ ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಆ ಮೀಸಲಾತಿಗೆ ಹೆಸರಿಸಿದ ಗುಂಪುಗಳಲ್ಲಿ ಮಾತಿನ ವೈಕಲ್ಯ ಸೇರಿಲ್ಲ. ಇದನ್ನು ಕೇಳಿ ಅಜ್ಜಿ ಸಪ್ಪಗಾದರು.

ಆದರೆ ಅದೇ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ. ವಿಕಲಚೇತನರು ಯಾರು ಎಂದು ಹೇಳುವಾಗ ಅದು ದೇಹದ ಕೊರತೆಯನ್ನಷ್ಟೇ ನೋಡುವುದಿಲ್ಲ. ಆ ಕೊರತೆಯ ಜೊತೆ ಹೊರಗಿನ ಅಡೆತಡೆಗಳೂ ಸೇರಿ, ಎಲ್ಲರಂತೆ ಬಾಳಲು ಆಗದಿದ್ದರೆ ಅದು ವೈಕಲ್ಯ ಎನ್ನುತ್ತದೆ. ಲೆಕ್ಕದ ಪುಸ್ತಕದಲ್ಲಿ ಎರಡು ಕಡೆ ಇರುವಂತೆ ಇಲ್ಲೂ ಎರಡು ಕಡೆ. ಉಗ್ಗುವವನ ನಾಲಿಗೆ ಒಂದು ಕಡೆ, ಕೇಳುವವನ ಅವಸರ ಇನ್ನೊಂದು ಕಡೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿತ್ತಾಳೆ ಟೋಕನ್ನುಗಳ ಕಾಲ. ನಮ್ಮ ಶಾಖೆಯ ಕ್ಯಾಷಿಯರ್ ಒಬ್ಬರಿಗೆ ಉಗ್ಗು. ಲೆಡ್ಜರಿನ ಉದ್ದುದ್ದ ಕಾಲಮ್ಮುಗಳನ್ನು ಅವರಷ್ಟು ಬೇಗ, ಅವರಷ್ಟು ಸರಿಯಾಗಿ ಕೂಡುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ‘ಮೂವತ್ತಮೂರು’ ಎಂದು ಟೋಕನ್ ಕರೆಯಬೇಕಾದಾಗ ‘ಮೂ’ ಎಂಬಲ್ಲೇ ನಿಲ್ಲುತ್ತಿದ್ದರು. ಸಾಲಿನಲ್ಲಿದ್ದವರು ಮುಸಿಮುಸಿ ನಗುವರು. ಅವರನ್ನು ಕೌಂಟರಿನಿಂದ ಎಬ್ಬಿಸಿ ಹಿಂದಿನ ಮೇಜಿಗೆ ಹಾಕಿದರು. ಬಡ್ತಿಯ ಸಂದರ್ಶನಕ್ಕೆ ಎರಡು ಸಲ ಹೋಗಿ ಎರಡು ಸಲವೂ ಬರಿಗೈಯಲ್ಲಿ ಬಂದರು. ಆಮೇಲೆ ವರ್ಗವಾಗಿ ಬಂದ ಹೊಸ ಮ್ಯಾನೇಜರು ಒಂದು ಸಣ್ಣ ಕಪ್ಪುಹಲಗೆ ತರಿಸಿ ಕೌಂಟರಿನ ಮೇಲೆ ನಿಲ್ಲಿಸಿದರು. ಟೋಕನ್ ನಂಬರನ್ನು ಸೀಮೆಸುಣ್ಣದಲ್ಲಿ ಬರೆದರಾಯಿತು! ನಮ್ಮ ಗೆಳೆಯರು ಮತ್ತೆ ಕೌಂಟರಿಗೆ ಬಂದರು, ನಿವೃತ್ತಿಯವರೆಗೂ ಅಲ್ಲೇ ಇದ್ದರು. ಕಿವಿ ಕೇಳದ ಹಿರಿಯರಿಗೂ ಆ ಹಲಗೆಯಿಂದ ಅನುಕೂಲವಾಯಿತು.

ಆ ಹಲಗೆಗೆ ಇವತ್ತಿನ ಕಾನೂನಿನಲ್ಲಿ ಸಮಂಜಸ ಹೊಂದಾಣಿಕೆ ಎಂದು ಹೆಸರು. ವಿಕಲಚೇತನರಿಗೆ ಇದನ್ನು ಒದಗಿಸುವುದು ಸರ್ಕಾರಿ ಕಚೇರಿಗಳ ಕರ್ತವ್ಯ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಕರ್ತವ್ಯವೂ ಹೌದು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಮಾತು ಹೇಳಿತು. ಮಾತಿನ ವೈಕಲ್ಯವಿದ್ದ ಒಬ್ಬ ವಿದ್ಯಾರ್ಥಿಗೆ ವೈದ್ಯಕೀಯ ಸೀಟು ತಪ್ಪಿತ್ತು. ಅದು ಉಗ್ಗಿನ ಪ್ರಕರಣವಲ್ಲ. ಬರೀ ಶೇಕಡಾವಾರು ನೋಡಿ ತಳ್ಳಿಹಾಕುವಂತಿಲ್ಲ, ಆತ ಓದನ್ನು ಪೂರೈಸಬಲ್ಲನೇ ಎಂದು ನೋಡಬೇಕು ಎಂದಿತು ನ್ಯಾಯಾಲಯ. ಏನು ಆಗದು ಎನ್ನುವುದರ ಜೊತೆಗೆ ಏನು ಆಗುತ್ತದೆ ಎಂಬುದನ್ನೂ ಕೇಳಬೇಕಲ್ಲವೇ?

ಶಾಲೆಯಲ್ಲಿ ಇದಕ್ಕೆ ಹಣ ಬೇಕಿಲ್ಲ. ಹಾಜರಿಗೆ ಕೈ ಎತ್ತಿದರೆ ಸಾಕು ಎನ್ನಬಹುದು. ಮೌಖಿಕ ಪರೀಕ್ಷೆಯಲ್ಲಿ ಐದು ನಿಮಿಷ ಹೆಚ್ಚು ಕೊಡಬಹುದು. ಪಾಠವನ್ನು ಇನ್ನೊಬ್ಬರ ಜೊತೆ ದನಿಗೂಡಿಸಿ ಓದಿಸಬಹುದು. ಆದರೆ ‘ಪಾಪ, ಅವನನ್ನು ಬಿಡಿ’ ಎಂದು ನಾಟಕದಿಂದ, ಭಾಷಣದಿಂದ ಹೊರಗಿಡುವುದು ದಯೆಯಲ್ಲ. ಮಾತಾಡಬೇಕೋ ಬೇಡವೋ ಎಂದು ಅವನನ್ನೇ ಕೇಳಿ.

ಅಜ್ಜ ಅಜ್ಜಿಯರಿಗೆ ಎರಡು ಮಾತು. ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಉಗ್ಗು ಹೋಗುವುದಿಲ್ಲ. ‘ನಿಧಾನ, ಉಸಿರು ತಗೋ’ ಎಂದು ನಡುವೆ ತಡೆದರೂ ಹೋಗುವುದಿಲ್ಲ. ಬದಲು, ನೀವೇ ನಿಧಾನವಾಗಿ ಮಾತಾಡಿ. ಮಗುವಿನ ಮುಖ ನೋಡುತ್ತಾ ಕೇಳಿ. ಅದರ ಮಾತನ್ನು ನೀವು ಮುಗಿಸಬೇಡಿ. ಉಗ್ಗು ತಿಂಗಳುಗಟ್ಟಲೆ ಉಳಿದರೆ ಮಾತಿನ ತಜ್ಞರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಈ ಕೆಲಸ ಮಾಡುತ್ತಿದೆ. ಚಿಕ್ಕಂದಿನಲ್ಲೇ ಹೋದಷ್ಟೂ ಒಳ್ಳೆಯದು.

ನಾನು ಆ ಅಜ್ಜಿಗೆ ಹೇಳಿದ್ದೂ ಇಷ್ಟೇ: “ಸರ್ಟಿಫಿಕೇಟು ಸಿಗುತ್ತದೋ ಇಲ್ಲವೋ ವೈದ್ಯರು ಹೇಳಲಿ. ಅದಕ್ಕಾಗಿ ಕಾಯದೆ ನಾಳೆಯೇ ಶಾಲೆಗೆ ಹೋಗಿ, ಮೊಮ್ಮಗನ ಮಾತಿಗೆ ಅರ್ಧ ನಿಮಿಷ ಹೆಚ್ಚು ಕೊಡಿ ಎಂದು ಕೇಳಿ. ಅದಕ್ಕೆ ಯಾವ ಫಾರಮ್ಮೂ ಬೇಕಿಲ್ಲ.”