ಹವಳದ ತೊಟ್ಟಿಗೆ ಇದ್ದಲೋ ಕಬ್ಬಿಣವೋ?

ಮಡಕೆಗಳನ್ನು ಒಂದರ ಮೇಲೊಂದಾಗಿ ಇರಿಸಿ, ಮರಳು ಇದ್ದಲುಗಳ ಮೂಲಕ ನೀರನ್ನು ಶೋಧಿಸುವ ಕ್ರಮವನ್ನು ಆರೋಗ್ಯಶಾಸ್ತ್ರದ ಪಾಠದಲ್ಲಿ ಕಲಿತುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಆ ಪಾಠವನ್ನು ನೆನೆದೇ ಅವರಲ್ಲೊಬ್ಬಳು ದುಬಾಯಿಯಿಂದ ನನಗೆ ಪತ್ರ ಬರೆದಳು. ಆಕೆಯ ಮಗನು ಮನೆಯಲ್ಲಿ ಗಾಜಿನ ತೊಟ್ಟಿಯೊಂದಕ್ಕೆ ಉಪ್ಪುನೀರು ತುಂಬಿ, ಜೀವಂತ ಹವಳಗಳನ್ನೂ ಕೆಲವು ಮೀನುಗಳನ್ನೂ ಸಾಕುತ್ತಿರುವನು. ನೀರು ಹಳದಿಗಟ್ಟಿತು, ಗಾಜಿಗೂ ಕಲ್ಲಿಗೂ ಪಾಚಿ ಹತ್ತಿತು. ಅಂಗಡಿಯಿಂದ ತಂದ ಮೂರು ಬಗೆಯ ಶೋಧಕ ವಸ್ತುಗಳನ್ನು ಒಂದೇ ದಿನ ಹಾಕಿದರು. ನೀರೇನೋ ಸ್ಫಟಿಕದಂತಾಯಿತು, ಆದರೆ ವಾರದೊಳಗೆ ಹವಳಗಳು ಬಿಳಿಚಿಕೊಂಡವು. “ಟೀಚರೇ, ನೀರು ಶುದ್ಧವಾದರೂ ಜೀವ ಏಕೆ ಕುಂದಿತು?” ಎಂದು ಕೇಳಿದ್ದಳು.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಸಣ್ಣ ಪ್ರಾಣಿಗಳ ಸಮೂಹ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯು ವಾಸಿಸಿ, ಬೆಳಕಿನಿಂದ ಆಹಾರವನ್ನು ತಯಾರಿಸಿ ತನ್ನ ಆಶ್ರಯದಾತರಿಗೂ ಕೊಡುವುದು. ಆ ಪಾಚಿಯು ಹೊರಟುಹೋದರೆ ಹವಳವು ಬೆಳ್ಳಗಾಗಿ ಹಸಿಯುವುದು. ಇದನ್ನು ತಿಳಿಯದೆ ಶೋಧಕ ವಸ್ತುವನ್ನು ಆರಿಸಲಾಗದು.

ಮೊದಲನೆಯದು ಇದ್ದಲು. ದ್ರಾವಣಗಳ ಬಣ್ಣವನ್ನು ಇದ್ದಲು ತೆಗೆಯಬಲ್ಲುದೆಂಬುದನ್ನು 1785ರಲ್ಲಿ ರಷ್ಯಾದ ಲೋವಿಟ್ಸ್ ಎಂಬ ರಸಾಯನಜ್ಞನು ಕಂಡುಕೊಂಡನು. ಅಂಗಡಿಯ ಆಕ್ಟಿವೇಟೆಡ್ ಕಾರ್ಬನ್ ನಮ್ಮ ಒಲೆಯ ಇದ್ದಲಲ್ಲ. ತೆಂಗಿನ ಚಿಪ್ಪು ಮೊದಲಾದುವನ್ನು ಗಾಳಿಯಿಲ್ಲದೆ ಸುಟ್ಟು, ಬಳಿಕ ಬಹಳ ಕಾದ ಹಬೆಯನ್ನು ಹಾಯಿಸಿ ಅದರಲ್ಲಿ ಅಸಂಖ್ಯ ರಂಧ್ರಗಳನ್ನುಂಟುಮಾಡುವರು. ಒಂದು ಗ್ರಾಂ ಇದ್ದಲಿನ ಒಳಮೈಯನ್ನೆಲ್ಲ ಹರಡಿದರೆ ಸುಮಾರು 1,000 ಚದರ ಮೀಟರು, ಎಂದರೆ ಕಾಲು ಎಕರೆಯಾದೀತು! ಹಳದಿ ಬಣ್ಣ, ದುರ್ವಾಸನೆ, ಕೆಲವು ಹವಳಗಳು ನೆರೆಯವರ ಮೇಲೆ ಬಿಡುವ ವಿಷ, ಇವೆಲ್ಲ ಆ ಮೈಗೆ ಅಂಟಿಕೊಳ್ಳುವುವು. ಅಮೋನಿಯಾ, ನೈಟ್ರೇಟುಗಳ ವಿಷಯದಲ್ಲಿ ಇದನ್ನು ನಂಬತಕ್ಕದ್ದಲ್ಲ. ಕೀಳುತರದ ಇದ್ದಲು ತಾನೇ ಫಾಸ್ಫೇಟನ್ನು ನೀರಿಗೆ ಬಿಡುವುದುಂಟು. ಆದುದರಿಂದ ಒಂದು ಹಿಡಿಯನ್ನು ಶುದ್ಧ ನೀರಿನಲ್ಲಿ ಒಂದು ದಿನ ನೆನೆಯಿಟ್ಟು, ಆ ನೀರನ್ನು ಪರೀಕ್ಷಿಸಿ ಕೊಳ್ಳುವುದು ಲೇಸು. ಒಲೆಯ ಇದ್ದಲಿನಲ್ಲಿ ಕ್ಷಾರವುಳ್ಳ ಬೂದಿಯಿರುವುದರಿಂದ ಅದನ್ನು ಹಾಕಲೇಬಾರದು.

ಎರಡನೆಯದು ಹರಳುಗಟ್ಟಿಸಿದ ಕಬ್ಬಿಣದ ಆಕ್ಸೈಡು, ತುಕ್ಕಿನ ಬಂಧುವೇ ಎನ್ನಬಹುದು. ಇದು ಫಾಸ್ಫೇಟನ್ನು ಹಿಡಿಯುವುದು. ಕಳಸದ ತೋಟಗಾರರಿಗೆ ಇದರ ಗುಣವು ಹೊಸತಲ್ಲ: ಕಾಫಿಗಿಡಕ್ಕೆ ಹಾಕಿದ ರಂಜಕದ ಗೊಬ್ಬರದಲ್ಲಿ ಬಹುಭಾಗವನ್ನು ಕೆಂಪು ಮಣ್ಣಿನ ಕಬ್ಬಿಣವೂ ಅಲ್ಯೂಮಿನಿಯಮೂ ಹಿಡಿದಿಟ್ಟುಕೊಂಡು ಬೇರಿಗೆ ಸುಲಭವಾಗಿ ಬಿಡವು. ತೋಟಕ್ಕೆ ನಷ್ಟವಾದ ಗುಣವು ತೊಟ್ಟಿಗೆ ಪ್ರಯೋಜನಕರ. (ಹಾಗೆಂದು ತೋಟದ ಮಣ್ಣನ್ನು ಸುರಿದರೆ ಕೆಸರೇ ಫಲ.) ಮೀನಿಗೆ ಹಾಕಿದ ತಿಂಡಿಯಿಂದ ಫಾಸ್ಫೇಟು ಹೆಚ್ಚಿದರೆ ಪಾಚಿಯು ಬೆಳೆಯುವುದು, ಹವಳವು ತನ್ನ ಸುಣ್ಣದ ಗೂಡನ್ನು ಕಟ್ಟಲಾರದಾಗುವುದು. ಆದರೆ ಅದು ತೀರ ಇಲ್ಲವಾದರೆ ಹವಳದೊಳಗಿನ ಪಾಚಿಯೂ ಉಪವಾಸ ಬೀಳುವುದು! ಲೀಟರಿಗೆ 0.03ರಿಂದ 0.1 ಮಿಲಿಗ್ರಾಮಿನಷ್ಟನ್ನು ಉಳಿಸಿಕೊಳ್ಳುವುದು ಅನೇಕರ ರೂಢಿ. ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಅರ್ಧದಿಂದ ಆರಂಭಿಸಿ, ವಾರವಾರವೂ ಅಳೆಯತಕ್ಕದ್ದು.

ಮೂರನೆಯ ಪೊಟ್ಟಣದಲ್ಲಿದ್ದುದು ಜಿಯೋಲೈಟ್ ಎಂಬ ಖನಿಜ. ಸಿಹಿನೀರಿನಲ್ಲಿ ಇದು ಅಮೋನಿಯಾವನ್ನು ಚೆನ್ನಾಗಿ ಹಿಡಿಯುವುದು. ಸಮುದ್ರದ ನೀರಿನಲ್ಲಾದರೋ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ, ಸೋಡಿಯಮ್ಮೇ ಅದರ ಸ್ಥಳಗಳನ್ನೆಲ್ಲ ಆಕ್ರಮಿಸಿ ಅಮೋನಿಯಾಕ್ಕೆ ಎಡೆಗೊಡದು. ಆ ಹಣವು ವ್ಯರ್ಥವಾಯಿತೆಂದೇ ಬರೆದೆನು.

ಹಾಗಾದರೆ ಅನಾಹುತವಾದುದು ಹೇಗೆ? ಇದ್ದಲು ಹಳದಿಯನ್ನು ತೆಗೆದೊಡನೆ, ಮಬ್ಬು ಬೆಳಕಿಗೆ ಒಗ್ಗಿದ್ದ ಹವಳದ ಮೇಲೆ ದೀಪದ ಪ್ರಖರ ಕಾಂತಿ ಬಿದ್ದಿತು. ಅದೇ ವೇಳೆಗೆ ಕಬ್ಬಿಣವು ಫಾಸ್ಫೇಟನ್ನು ಬರಿದುಮಾಡಿತು. ಎರಡು ಪೆಟ್ಟುಗಳು ಒಟ್ಟಿಗೆ ಬಿದ್ದುವೆಂದು ನನ್ನ ಎಣಿಕೆ. ಕಬ್ಬಿಣವನ್ನು ತೆಗೆದಿಡಲೂ, ದೀಪವನ್ನು ತಗ್ಗಿಸಲೂ, ಇದ್ದಲನ್ನು ಮುಂದೆ ಸ್ವಲ್ಪಸ್ವಲ್ಪವಾಗಿ ಹಾಕಿ ತಿಂಗಳಿಗೊಮ್ಮೆ ಬದಲಿಸಲೂ ತಿಳಿಸಿದೆನು. ಮೀನಿನ ತಿಂಡಿಯನ್ನು ಕಡಿಮೆಮಾಡುವುದಕ್ಕೆ ಯಾವ ಪೊಟ್ಟಣವೂ ಬೇಡವಷ್ಟೆ.

ಈ ಸಂಗತಿಯನ್ನು ಕೇಳಿದ ಪೋಷಕರೊಬ್ಬರು, ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಿಂದ ಹವಳದ ತುಂಡೊಂದನ್ನು ತರಬಹುದೇ ಎಂದು ವಿಚಾರಿಸಿದರು. ಕೂಡದು. ಕಲ್ಲುಹವಳಗಳನ್ನು 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿಗಿರುವ ರಕ್ಷಣೆಯೇ ಅವುಗಳಿಗೂ ಉಂಟು.

ಮೊನ್ನೆ ಬಂದ ಪತ್ರದಲ್ಲಿ, ಎರಡು ಹವಳಗಳು ಸತ್ತುವೆಂದೂ, ಮಿಕ್ಕವುಗಳಲ್ಲಿ ಒಂದರ ಅಂಚಿಗೆ ಕಂದುಬಣ್ಣವು ಮರಳುತ್ತಿರುವುದೆಂದೂ ಆಕೆ ಬರೆದಿರುವಳು. ಹುಡುಗನು ಈಗ ಪ್ರತಿ ಶನಿವಾರ ನೀರನ್ನು ಅಳೆದು, ಅಂಕೆಗಳನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಿರುವನಂತೆ.